ಲಿಬರೇಟರ್ ಕಿಟ್: ದಾರಿ ತಪ್ಪಿದ ವಿಮಾನವೊಂದನ್ನು ಮೇಜಿನ ಮೇಲೆ ಕಟ್ಟಿದ ಐದು ವಾರ

ಎರಡನೆಯ ಮಹಾಯುದ್ಧದ ಅಮೆರಿಕನ್ ಬಾಂಬರ್ ಬಿ-24ಡಿ ಲಿಬರೇಟರಿನ 1/72 ಅಳತೆಯ ಪ್ಲಾಸ್ಟಿಕ್ ಕಿಟ್ಟನ್ನು ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ ನಾನೂ ನನ್ನ ಮೊಮ್ಮಗಳೂ ಸೇರಿ ಕಟ್ಟಿ ಮುಗಿಸಿದೆವು. ಕನ್ನಡದಲ್ಲಿ ಇಂತಹ ಕಿಟ್ಟುಗಳ ಬಗ್ಗೆ ಬರೆದವರು ಕಡಿಮೆ. ಅದರಲ್ಲೂ ನಮ್ಮ ಕಡೆಯ ಊರುಗಳಲ್ಲಿ ಕುಳಿತು, ಇಲ್ಲಿ ಸಿಗುವ ಬಣ್ಣ ಮತ್ತು ಅಂಟುಗಳಿಂದಲೇ ಇದನ್ನು ಕಟ್ಟುವವರಿಗೆ ಎದುರಾಗುವ ತೊಡಕುಗಳನ್ನು ಯಾರೂ ವಿವರವಾಗಿ ಹೇಳಿದ್ದು ನಾನು ಕಂಡಿಲ್ಲ. ಆದ್ದರಿಂದ ಈ ಬರಹ. ಕಿಟ್ ತಯಾರಿಸಿದ ಕಂಪನಿಯ ಹೆಸರನ್ನೂ ಕಳಿಸಿದ ಅಂಗಡಿಯ ಹೆಸರನ್ನೂ ನಾನು ಬರೆಯುತ್ತಿಲ್ಲ. ಇದೇ ವಿಮಾನದ ಕಿಟ್ಟನ್ನು ಹಲವು ಕಂಪನಿಗಳು ಮಾಡಿವೆ, ಒಂದು ಪೆಟ್ಟಿಗೆಯ ದೋಷವನ್ನು ಇಡೀ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇಷ್ಟೊಂದು ವಿಮಾನಗಳಿರುವಾಗ ಲಿಬರೇಟರನ್ನೇ ಏಕೆ ಆರಿಸಿದಿರಿ ಎಂದು ಕೇಳಿದವರಿದ್ದಾರೆ. ಪೆಟ್ಟಿಗೆಯೊಳಗಿನ ಅಂಟುಚಿತ್ರಗಳ ಹಾಳೆಯಲ್ಲಿ 'ಲೇಡಿ ಬಿ ಗುಡ್' ಎಂಬ ಹೆಸರೂ 64 ಎಂಬ ಸಂಖ್ಯೆಯೂ ಇದ್ದದ್ದೇ ಕಾರಣ. ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿಕೊಂಡು ಬಂದವನಿಗೆ ಆ ಹೆಸರು ಸುಮ್ಮನೆ ಒಂದು ವಿಮಾನದ ಹೆಸರಲ್ಲ. ಒಂಬತ್ತು ಮಂದಿಯ ತಂಡವೊಂದು ಬಾಂಬ್ ದಾಳಿಗೆ ಹೋಗಿ ಮರಳಿ ಬರುವಾಗ ತನ್ನ ನೆಲೆಯ ಮೇಲೆಯೇ ಹಾರಿಹೋಗಿ, ಅದನ್ನು ಗುರುತಿಸಲಾಗದೆ ಮರುಭೂಮಿಯ ಒಳಗೆ ಸೇರಿಹೋದ ಕಥೆ ಅದು. ಆ ಕಥೆಯ ತಿರುವು ನಿಂತಿರುವುದು ಒಂದು ಆಂಟೆನಾದ ಮೇಲೆ. ಹಾಗಾಗಿ ಈ ಕಿಟ್ಟನ್ನು ಅಳೆಯುವಾಗ ಭಾಗಗಳು ಸರಿಯಾಗಿ ಕೂರುತ್ತವೆಯೇ ಎಂಬುದರ ಜೊತೆಗೆ, ಆ ರಾತ್ರಿ ಏನಾಯಿತು ಎಂಬುದನ್ನು ಇದನ್ನು ಕಟ್ಟುವವನು ಎಷ್ಟರಮಟ್ಟಿಗೆ ತಿಳಿಯಬಲ್ಲ ಎಂಬುದನ್ನೂ ನಾನು ನೋಡಿದ್ದೇನೆ.

ಮೊದಲು ಪೆಟ್ಟಿಗೆಯ ವಿಚಾರ. ಬೆಂಗಳೂರಿನ ಮಾರಾಟಗಾರರಿಂದ ಕೊರಿಯರ್ ಮೂಲಕ ತರಿಸಿದ ಈ ಕಿಟ್ಟಿಗೆ ಸಾಗಣೆಯೂ ಸೇರಿ ನಾಲ್ಕು ಸಾವಿರ ರೂಪಾಯಿಗೆ ತುಸು ಕಡಿಮೆ ಬಿತ್ತು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಒಳಗಿನ ಪಾರದರ್ಶಕ ಭಾಗಗಳ ಚೀಲದಲ್ಲಿ ಮೂತಿಯ ಗಾಜಿನ ಗೂಡಿಗೆ ಕೂದಲೆಳೆಯಷ್ಟು ಬಿರುಕು ಬಿದ್ದಿತ್ತು. ಅಂಗಡಿಯವರಿಗೆ ಫೋನ್ ಮಾಡಿದಾಗ ಅವರು ಬೇಸರವಿಲ್ಲದೆ ಮಾತನಾಡಿದರಾದರೂ, ಆ ಒಂದು ಭಾಗ ಬಿಡಿಯಾಗಿ ಸಿಗುವುದಿಲ್ಲವೆಂದೂ ಇಡೀ ಕಿಟ್ಟನ್ನೇ ಹಿಂದಿರುಗಿಸಬೇಕೆಂದೂ ಹೇಳಿದರು. ಮೊಮ್ಮಗಳ ಬೇಸಿಗೆ ರಜೆ ಅಷ್ಟು ದಿನ ಕಾಯುವಂತಿರಲಿಲ್ಲ. ಬಿರುಕನ್ನು ಹಾಗೆಯೇ ಬಿಟ್ಟೆವು. ನೀವು ತರಿಸುವುದಾದರೆ, ಹೊರಗೆ ಇನ್ನೊಂದು ರಟ್ಟಿನ ಪೆಟ್ಟಿಗೆ ಹಾಕಿ ಕಳಿಸಿ ಎಂದು ಹಣ ಕಟ್ಟುವ ಮೊದಲೇ ಹೇಳಿಬಿಡಿ.

ಭಾಗಗಳು ಅಚ್ಚಿನ ಚೌಕಟ್ಟುಗಳಿಗೆ ಅಂಟಿಕೊಂಡೇ ಬರುತ್ತವೆ. ಅವುಗಳನ್ನು ಕೈಯಿಂದ ಮುರಿಯಬಾರದು, ಚಿಕ್ಕ ಕಟ್ಟರಿನಿಂದ ಕತ್ತರಿಸಿ ಎಮ್ರಿ ಪೇಪರಿನಲ್ಲಿ ಉಜ್ಜಬೇಕು. ರೇಡಿಯೊ ಕೆಲಸದ ಸೈಡ್ ಕಟ್ಟರ್ ನನ್ನ ಬಳಿ ಇದ್ದುದರಿಂದ ಈ ಕೆಲಸ ಹಗುರವಾಯಿತು. ಪ್ಲಾಸ್ಟಿಕ್ಕಿನ ಗುಣ ಚೆನ್ನಾಗಿದೆ, ಗಡುಸೂ ಅಲ್ಲ, ಮೇಣದಂತೆ ಮೆತ್ತಗೂ ಅಲ್ಲ. ಆದರೆ ಅಚ್ಚು ಹಳೆಯದಿರಬೇಕು, ಎಂಜಿನ್ನಿನ ಸುತ್ತಿನ ಕವಚಗಳ ಅಂಚಿನಲ್ಲಿ ಹಪ್ಪಳದಂತಹ ತೆಳುವಾದ ಹೆಚ್ಚುವರಿ ಪದರ ಉಳಿದಿತ್ತು. ರೆಕ್ಕೆ ಮೈಗೆ ಸೇರುವ ಕಡೆ ಎರಡೂ ಬದಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಸಂದು. ಅದನ್ನು ಪುಟ್ಟಿ ತುಂಬಿ ಮುಚ್ಚಲು ಎರಡು ಸಂಜೆ ಹಿಡಿಯಿತು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಮನೆಯಲ್ಲಿ ಬೈಸಿಕೊಳ್ಳುವುದು ತಪ್ಪುತ್ತದೆ.

ಈ ರೆಕ್ಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಜವಾದ ಲಿಬರೇಟರಿನ ರೆಕ್ಕೆಯ ಹರವು 110 ಅಡಿ, ಅಂದರೆ ಮೂವತ್ತಮೂರೂವರೆ ಮೀಟರ್. ಕಿಟ್ಟಿನಲ್ಲಿ ಅದು ಸುಮಾರು ನಲವತ್ತಾರೂವರೆ ಸೆಂಟಿಮೀಟರ್ ಬರುತ್ತದೆ. ಇಷ್ಟು ಉದ್ದವಾದರೂ ಅಗಲ ಬಹಳ ಕಿರಿದು. ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಹಾರಲಿ ಎಂದು ಮಾಡಿದ ಈ ರೆಕ್ಕೆಯಿಂದಲೇ ಲಿಬರೇಟರ್ ಸಮುದ್ರಗಳನ್ನು ದಾಟುವ ವಿಮಾನವೆಂದು ಹೆಸರು ಮಾಡಿತು. 1200 ಅಶ್ವಶಕ್ತಿಯ ನಾಲ್ಕು ಎಂಜಿನ್‌ಗಳ ಈ ವಿಮಾನಗಳನ್ನು ಯುದ್ಧಕಾಲದಲ್ಲಿ 18,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಟ್ಟಲಾಯಿತು. ಮೈಸೂರು ಸೀಮೆಗೂ ಇದಕ್ಕೂ ನಂಟಿದೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಯುದ್ಧದ ನಡುವೆ ಅಮೆರಿಕನ್ ಸೇನೆ ತನ್ನ ವಿಮಾನಗಳ ದುರಸ್ತಿಗೆ ಬಳಸಿಕೊಂಡಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್‌ಗಳಲ್ಲಿ 40ಕ್ಕೂ ಹೆಚ್ಚನ್ನು ಅದೇ ಸಂಸ್ಥೆಯವರು ಹಾರುವ ಸ್ಥಿತಿಗೆ ತಂದರು. ನಮ್ಮ ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು. ಇಂದು ಲಂಡನ್ನಿನ ವಾಯುಪಡೆ ಸಂಗ್ರಹಾಲಯದಲ್ಲಿ ನಿಂತಿರುವ ಲಿಬರೇಟರ್ ನಮ್ಮ ವಾಯುಪಡೆ ಕೊಟ್ಟದ್ದು. ಕಿಟ್ಟಿನೊಂದಿಗೆ ಬಂದ ಕಾಗದದಲ್ಲಿ ಇದರ ಪ್ರಸ್ತಾಪವೇ ಇಲ್ಲ. ಭಾರತದಲ್ಲಿ ಮಾರುವ ಪೆಟ್ಟಿಗೆಯಲ್ಲಾದರೂ ಎರಡು ಸಾಲು ಇರಬಹುದಿತ್ತು.

ಕಿಟ್ಟಿನಲ್ಲಿ ನನಗೆ ಬಹಳ ಹಿಡಿಸಿದ ಭಾಗ ಬಾಂಬು ಇಡುವ ಕೋಣೆಯ ಬಾಗಿಲು. ಬೇರೆ ಬಾಂಬರ್‌ಗಳಲ್ಲಿ ಈ ಬಾಗಿಲುಗಳು ಕೆಳಕ್ಕೆ ತೆರೆದುಕೊಂಡು ಜೋತಾಡುತ್ತವೆ. ಲಿಬರೇಟರಿನಲ್ಲಿ ಅವು ಮಂಡಿಪೇಟೆಯ ಅಂಗಡಿಗಳ ರೋಲಿಂಗ್ ಶಟರ್‌ನಂತೆ ಮೈಯ ಹೊರಬದಿಗೆ ಸುತ್ತಿಕೊಂಡು ಮೇಲೇರುತ್ತವೆ. ಕಿಟ್ಟಿನಲ್ಲಿ ತೆರೆದ ಬಾಗಿಲು, ಮುಚ್ಚಿದ ಬಾಗಿಲು ಎರಡನ್ನೂ ಕೊಟ್ಟಿದ್ದಾರೆ, ಶಟರಿನ ಒಂದೊಂದು ಪಟ್ಟಿಯೂ ಎದ್ದು ಕಾಣುತ್ತದೆ. ನಾವು ಮುಚ್ಚಿದ ಬಾಗಿಲನ್ನೇ ಕೂರಿಸಿದೆವು. ಲೇಡಿ ಬಿ ಗುಡ್ ಮರಳಿ ಬರುವಾಗ ಬಾಂಬುಗಳನ್ನು ಆಗಲೇ ಮೆಡಿಟರೇನಿಯನ್ ಸಮುದ್ರಕ್ಕೆ ಸುರಿದಾಗಿತ್ತು. ನಾವು ಕಟ್ಟುತ್ತಿದ್ದದ್ದು ಹೋಗುವ ವಿಮಾನವನ್ನಲ್ಲ, ಬರುವ ವಿಮಾನವನ್ನು.

ಇನ್ನು ದೊಡ್ಡ ಎಡವಟ್ಟಿನ ವಿಚಾರ. ಲಿಬರೇಟರಿಗೆ ಮೂತಿಯ ಕೆಳಗೊಂದು ಚಕ್ರ, ರೆಕ್ಕೆಗಳ ಕೆಳಗೆ ಎರಡು ಚಕ್ರ. ಪ್ಲಾಸ್ಟಿಕ್ ಮಾದರಿಯಲ್ಲಿ ಹಿಂಭಾಗದ ಭಾರವೇ ಹೆಚ್ಚಾಗುವುದರಿಂದ ಮೂತಿಯೊಳಗೆ ತೂಕ ಇಡದಿದ್ದರೆ ವಿಮಾನ ಬಾಲ ಊರಿ ಕುಕ್ಕರಿಸುತ್ತದೆ. ಸೂಚನಾ ಹಾಳೆಯಲ್ಲಿ ಇದನ್ನು ಸಾಸಿವೆ ಕಾಳಿನಷ್ಟು ಸಣ್ಣ ಚಿತ್ರದಲ್ಲಿ ತೋರಿಸಿದ್ದಾರೆ, ತೂಕವನ್ನು ಮಾತ್ರ ಪೆಟ್ಟಿಗೆಯಲ್ಲಿ ಕೊಟ್ಟಿಲ್ಲ. ನಾನು ಕನ್ನಡಕ ಹಾಕಿಕೊಂಡೇ ಅದನ್ನು ನೋಡದೆ ಬಿಟ್ಟೆ. ಮೈಯ ಎರಡು ಹೋಳುಗಳನ್ನು ಅಂಟಿಸಿ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟ ಮರುದಿನ ಬೆಳಿಗ್ಗೆ ನೋಡಿದರೆ ವಿಮಾನ ಆಕಾಶ ನೋಡುತ್ತ ಕೂತಿತ್ತು. ಅದೃಷ್ಟಕ್ಕೆ ಮೂತಿಯ ಗಾಜಿನ ಗೂಡನ್ನು ಇನ್ನೂ ಅಂಟಿಸಿರಲಿಲ್ಲ. ಹಳೆಯ ಸೋಲ್ಡರ್ ತಂತಿಯನ್ನು ಪೆನ್ಸಿಲಿಗೆ ಸುತ್ತಿ ಸುರುಳಿ ಮಾಡಿ, ಒಂದೊಂದಾಗಿ ಮುಂದಿನ ಕಿಂಡಿಯಿಂದ ಒಳಗೆ ತಳ್ಳಿ, ಚಿಮಟದಿಂದ ಒತ್ತಿ ಕೂರಿಸಿದೆವು. ಎಂಟನೆಯ ಸುರುಳಿ ಹೋದ ಮೇಲೆ ಬಾಲ ಮೆಲ್ಲನೆ ಮೇಲೆದ್ದು ಮೂತಿಚಕ್ರ ಮೇಜಿಗೆ ತಾಗಿ ಟಕ್ ಎಂದಿತು. ರೇಡಿಯೊಗಳಿಗೆಂದು ತಂದ ಸೀಸ ಹೀಗೂ ಉಪಯೋಗಕ್ಕೆ ಬಂತು.

ಪಾರದರ್ಶಕ ಭಾಗಗಳಿಗೆ ದಿಢೀರ್ ಒಣಗುವ ಅಂಟನ್ನು ಮುಟ್ಟಿಸಬೇಡಿ. ಅದರ ಆವಿಗೆ ಗಾಜು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಫೆವಿಕಾಲ್ ಸಾಕು. ಬಣ್ಣದ ಬಗ್ಗೆ ಹೇಳುವುದಾದರೆ, ಇಂತಹ ಮಾದರಿಗಳಿಗೆಂದೇ ತಯಾರಾದ ಬಣ್ಣ ನನಗೆ ದಾವಣಗೆರೆಯಲ್ಲಿ ಸಿಗಲಿಲ್ಲ. ದೃಶ್ಯಕಲಾ ಮಹಾವಿದ್ಯಾಲಯದ ಹುಡುಗರು ಹೋಗುವ ಅಂಗಡಿಯೊಂದರಲ್ಲಿ ಅಕ್ರಿಲಿಕ್ ಟ್ಯೂಬುಗಳನ್ನು ಕೊಂಡು, ಬಿಳಿ, ಹಳದಿ ಮಣ್ಣಿನ ಬಣ್ಣ ಮತ್ತು ಒಂದು ಚಿಟಿಕೆ ಕೆಂಪನ್ನು ಬೆರೆಸಿ ಮರಳಿನ ಬಣ್ಣ ಮಾಡಿಕೊಂಡೆವು. ಏಪ್ರಿಲ್ ತಿಂಗಳ ನಮ್ಮೂರ ಬಿಸಿಲಿನಲ್ಲಿ ಅಕ್ರಿಲಿಕ್ ಕುಂಚದಲ್ಲಿಯೇ ಒಣಗಿಹೋಗುತ್ತದೆ. ಬೆಳಿಗ್ಗೆ ಏಳರ ಒಳಗೆ ಬಳಿದರೆ ಗೆರೆ ಬೀಳುವುದಿಲ್ಲ. ಅಂಟುಚಿತ್ರಗಳ ಹಾಳೆ ಹಳೆಯದಾಗಿ ಹಳದಿಗೆ ತಿರುಗಿತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಟಕಿಯ ಗಾಜಿಗೆ ಅಂಟಿಸಿ ಒಂದು ವಾರ ಬಿಸಿಲಿಗೆ ಬಿಟ್ಟಾಗ ಹಳದಿ ಬಹುಮಟ್ಟಿಗೆ ಹೋಯಿತು. ನೀರಿನಲ್ಲಿ ನೆನೆಸಿ ಜಾರಿಸುವಾಗ 64ರ ನಾಲ್ಕು ಎರಡು ತುಂಡಾಯಿತು. ಅದನ್ನು ಸೇರಿಸಿ ಕೂರಿಸಿದವಳು ಮೊಮ್ಮಗಳು. ನನ್ನ ಕೈ ಈಗ ಅಷ್ಟು ನಿಲ್ಲುವುದಿಲ್ಲ. ಹೆಸರು ಬರುವುದು ವಿಮಾನದ ಬಲಬದಿಯ ಮೂತಿಯ ಮೇಲೆ ಮಾತ್ರ, ಎರಡೂ ಕಡೆ ಹಾಕಬಾರದು.

ಕಿಟ್ಟಿನ ಬಗ್ಗೆ ನನ್ನ ಮುಖ್ಯ ದೂರು ಮನುಷ್ಯರಿಗೆ ಸಂಬಂಧಿಸಿದ್ದು. ಪೆಟ್ಟಿಗೆಯಲ್ಲಿ ಮೂರೇ ಗೊಂಬೆಗಳಿವೆ. ಮೂರಕ್ಕೂ ಒಂದೇ ಮುಖ, ಒಂದೇ ಭಂಗಿ. ಆ ರಾತ್ರಿ ವಿಮಾನದಲ್ಲಿದ್ದವರು ಒಂಬತ್ತು ಮಂದಿ. ಪೈಲಟ್ ವಿಲಿಯಂ ಹ್ಯಾಟನ್, ಅವನ ಪಕ್ಕದಲ್ಲಿ ಸಹ ಪೈಲಟ್ ರಾಬರ್ಟ್ ಟೋನರ್, ದಾರಿ ನೋಡುವ ನ್ಯಾವಿಗೇಟರ್ ಹೇಸ್, ಬಾಂಬು ಗುರಿಯಿಡುವ ವೊರಾವ್ಕಾ, ಎಂಜಿನಿಯರ್ ರಿಪ್‌ಸ್ಲಿಂಗರ್, ರೇಡಿಯೊ ನೋಡಿಕೊಳ್ಳುವ ಲಾಮಾಟ್, ಬಂದೂಕುಗಳ ಹಿಂದೆ ಶೆಲ್ಲಿ, ಮೂರ್ ಮತ್ತು ಆಡಮ್ಸ್. ತಂಡಕ್ಕೂ ವಿಮಾನಕ್ಕೂ ಅದು ಮೊದಲ ದಾಳಿ. ಕಿಟ್ಟಿನ ಒಳಗೆ ಪೈಲಟ್‌ಗಳ ಆಸನಗಳ ಹಿಂದೆ ರೇಡಿಯೊ ನೋಡುವವನ ಮೇಜಿಗೆ ಬರೀ ಒಂದು ಚಪ್ಪಟೆ ಹಲಗೆ ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಬಂದೂಕುಗಳ ಒಂದೊಂದು ತೂತನ್ನೂ ತೋರಿಸಿದವರಿಗೆ ರೇಡಿಯೊ ಪೆಟ್ಟಿಗೆಯ ಎರಡು ಗುಂಡಿ ತೋರಿಸುವುದು ಕಷ್ಟವೇನಾಗಿರಲಿಲ್ಲ. ನಾನು ರೇಡಿಯೊಗಳೊಳಗೆ ಬರುವ ಚಿಕ್ಕ ಚಿಪ್ಪುಗಳಾದ ಐ.ಸಿ.ಗಳಲ್ಲಿ ಎರಡು ಹಳೆಯವುಗಳ ಕಾಲುಗಳನ್ನು ಕತ್ತರಿಸಿ ಆ ಹಲಗೆಯ ಮೇಲೆ ಅಂಟಿಸಿ ರೇಡಿಯೊ ಮಾಡಿದೆ. ಮೈ ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಇದೆ ಎಂದು ನನಗೆ ಗೊತ್ತಿದೆ, ಸಾಕು.

ಈಗ ಆಂಟೆನಾ. ಪೈಲಟ್ ಕೋಣೆಯ ಹಿಂದೆ, ವಿಮಾನದ ಬೆನ್ನ ಮೇಲೆ ಮೊಟ್ಟೆಯಾಕಾರದ ಒಂದು ಚಿಕ್ಕ ಗುಬಟು ಬರುತ್ತದೆ. ಸೂಚನಾ ಹಾಳೆಯಲ್ಲಿ ಅದಕ್ಕೊಂದು ಸಂಖ್ಯೆಯಿದೆ, ಏನೆಂಬ ವಿವರಣೆ ಇಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಈ ಭಾಗ ಚೌಕಟ್ಟಿನಿಂದ ಕತ್ತರಿಸುವಾಗ ಚಿಮ್ಮಿ ಮಂಚದ ಕೆಳಗೆ ಹೋಗಿ, ಹುಡುಕಲು ಅರ್ಧ ಗಂಟೆ ಬೇಕಾಯಿತು. ಅದರೊಳಗೆ ಇರುವುದು ಸುರುಳಿ ಆಂಟೆನಾ. ನೆಲದ ಮೇಲಿನ ರೇಡಿಯೊ ಕೇಂದ್ರ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಅದು ಮುಳ್ಳಿನ ಮೂಲಕ ತೋರಿಸುತ್ತದೆ. ಆ ರಾತ್ರಿ ಇದು ಕೆಲಸ ಮಾಡುತ್ತಿಲ್ಲವೆಂದು ಹ್ಯಾಟನ್ ರೇಡಿಯೊದಲ್ಲಿ ಹೇಳಿ, ನೆಲದವರಿಂದಲೇ ದಿಕ್ಕನ್ನು ಕೇಳಿದ.

ಇದರ ಗುಟ್ಟನ್ನು ಮೊಮ್ಮಗಳಿಗೆ ತಿಳಿಸಲು ನಾನು ಹಳೆಯ ಟ್ರಾನ್ಸಿಸ್ಟರನ್ನು ತೆಗೆದೆ. ನಾವು ಚಿಕ್ಕವರಾಗಿದ್ದಾಗ ದಾವಣಗೆರೆಯಲ್ಲಿ ಸಂಜೆ ಹಾಕುತ್ತಿದ್ದುದು ಭದ್ರಾವತಿ ಆಕಾಶವಾಣಿ. ದನಿ ಸಣ್ಣದಾದರೆ ರೇಡಿಯೊವನ್ನು ಆ ಕಡೆ ಈ ಕಡೆ ತಿರುಗಿಸಿ ಇಡುವುದು ಪ್ರತಿ ಮನೆಯವರಿಗೂ ರೂಢಿಯಾಗಿತ್ತು. ಮಿಡಿಯಂ ವೇವ್ ಟ್ರಾನ್ಸಿಸ್ಟರಿನೊಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯೊಂದು ಮಲಗಿರುತ್ತದೆ. ಆ ಕಡ್ಡಿ ಕೇಂದ್ರಕ್ಕೆ ಅಡ್ಡವಾಗಿದ್ದಾಗ ದನಿ ಜೋರು, ಕಡ್ಡಿಯ ತುದಿ ನೇರ ಕೇಂದ್ರದತ್ತ ತಿರುಗಿದಾಗ ದನಿ ಅಡಗುತ್ತದೆ. ದಾವಣಗೆರೆಯಲ್ಲಿ ನಿಂತು ತಿರುಗಿಸಿದರೆ, ದನಿ ಅಡಗಿದಾಗ ಕಡ್ಡಿಯ ಒಂದು ತುದಿ ನೈಋತ್ಯಕ್ಕೂ ದಕ್ಷಿಣಕ್ಕೂ ನಡುವೆ ಇರುವ ಭದ್ರಾವತಿಯತ್ತ ತೋರಿಸುತ್ತದೆ. ಇನ್ನೊಂದು ತುದಿ ತೋರಿಸುವುದು ಹರಪನಹಳ್ಳಿಯ ಕಡೆಗೆ. ಇವೆರಡರಲ್ಲಿ ಕೇಂದ್ರ ಎಲ್ಲಿದೆ ಎಂದು ಕಡ್ಡಿಗೆ ಗೊತ್ತಿಲ್ಲ. ಭದ್ರಾವತಿ ಎಲ್ಲಿದೆ ಎಂದು ನಮಗೆ ಮೊದಲೇ ಗೊತ್ತಿರುವುದರಿಂದ ನಾವು ಮೋಸ ಹೋಗುವುದಿಲ್ಲ, ಅಷ್ಟೇ. ಗೊತ್ತಿಲ್ಲದಿದ್ದರೆ, ಸುರುಳಿಗೆ ನೆಟ್ಟಗಿನ ಇನ್ನೊಂದು ತಂತಿಯ ಆಂಟೆನಾ ಸೇರಿಸಿ ಒಂದು ಬದಿಯ ದನಿಯನ್ನು ಅಳಿಸಬೇಕು, ಇಲ್ಲವೇ ವಿಮಾನವನ್ನು ಅಡ್ಡಕ್ಕೆ ಸ್ವಲ್ಪ ದೂರ ಹಾರಿಸಿ ದಿಕ್ಕು ಯಾವ ಕಡೆ ಸರಿಯುತ್ತದೆಂದು ನೋಡಬೇಕು.

1943ರ ಏಪ್ರಿಲ್ 4ರಂದು ಲಿಬಿಯಾದಲ್ಲಿ, ಬೆಂಘಾಜಿಯ ದಕ್ಷಿಣಕ್ಕಿರುವ ಸುಲೂಕ್ ನೆಲೆಯಿಂದ ಲೇಡಿ ಬಿ ಗುಡ್ ಇತರ ಲಿಬರೇಟರ್‌ಗಳೊಂದಿಗೆ ಇಟಲಿಯ ನೇಪಲ್ಸ್ ಬಂದರಿನ ಮೇಲೆ ದಾಳಿಗೆ ಹೊರಟಿತು. ಹೊರಡುವಾಗ ಮರಳಿನ ಬಿರುಗಾಳಿ. ಹಲವು ವಿಮಾನಗಳು ಅರ್ಧಕ್ಕೆ ಮರಳಿದವು. ಗುರಿಯ ಮೇಲೆ ಏನೂ ಕಾಣದೆ ಈ ವಿಮಾನವೂ ಕತ್ತಲಲ್ಲಿ ಒಂಟಿಯಾಗಿ ಹಿಂದಿರುಗಿತು. ನಡುರಾತ್ರಿಯ ಹೊತ್ತಿಗೆ ಹ್ಯಾಟನ್ ದಿಕ್ಕು ಕೇಳಿದಾಗ ಬೆಂಘಾಜಿಯ ಬಳಿಯ ಬೆನೀನಾ ಕೇಂದ್ರದ ಸುರುಳಿ ಆಂಟೆನಾ 330 ಡಿಗ್ರಿ ಎಂದು ತೋರಿಸಿತು. ಅಂದರೆ ವಾಯವ್ಯ, ಸಮುದ್ರದ ಕಡೆ. ವಿಮಾನ ಇನ್ನೂ ಸಮುದ್ರದ ಮೇಲೆ ಬರುತ್ತಿದೆ ಎಂದು ಕೆಳಗಿನವರು ತಿಳಿದರು. ಆದರೆ ಅದು ಆಗಲೇ ನೆಲೆಯನ್ನು ದಾಟಿ ಆಗ್ನೇಯಕ್ಕೆ, 150 ಡಿಗ್ರಿಯ ಕಡೆಗೆ ಸಾಗಿತ್ತು. ಕಡ್ಡಿಯ ಎರಡು ತುದಿಗಳ ಲೆಕ್ಕವೇ ಇದು. ಮೇಲೆ ಎಂಜಿನ್ ಸದ್ದು ಕೇಳಿದ ನೆಲೆಯವರು ಬೆಳಕಿನ ಬಾಣಗಳನ್ನೂ ಹಾರಿಸಿದರು, ವಿಮಾನದಲ್ಲಿದ್ದವರಿಗೆ ಅವು ಕಾಣಲಿಲ್ಲ.

ಮುಂದೆ ಎರಡು ಗಂಟೆ ಹಾರಿ ಇಂಧನ ತೀರಿದಾಗ, ಕೆಳಗೆ ಏನಿದೆಯೆಂದು ತಿಳಿಯದ ಕತ್ತಲಲ್ಲಿ ಒಂಬತ್ತು ಮಂದಿಯೂ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಕೆಳಗಿದ್ದದ್ದು ಮರುಭೂಮಿ. ನೆಲೆಯಿಂದ ಸುಮಾರು 700 ಕಿಲೋಮೀಟರ್ ಒಳಗೆ, ಅಂದರೆ ದಾವಣಗೆರೆಯಿಂದ ಹೆದ್ದಾರಿಯಲ್ಲಿ ಮುಂಬೈಗೆ ಹೋಗುವಷ್ಟು ದೂರ ಅವರು ಬಂದುಬಿಟ್ಟಿದ್ದರು. ವೊರಾವ್ಕಾನ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ಅವನು ಅಲ್ಲಿಯೇ ಸತ್ತ. ಉಳಿದ ಎಂಟು ಜನ ಒಬ್ಬರನ್ನೊಬ್ಬರು ಸೇರಿಕೊಂಡರು. ಯಾರೂ ಇಲ್ಲದ ವಿಮಾನ ಮಾತ್ರ ಇನ್ನೂ 26 ಕಿಲೋಮೀಟರ್ ಮುಂದೆ ಹೋಗಿ ಹೊಟ್ಟೆಯ ಮೇಲೆ ಜಾರುತ್ತ ಇಳಿದು, ರೆಕ್ಕೆಯ ಹಿಂದೆ ಮುರಿದು ನಿಂತಿತು.

ಸಮುದ್ರ ಹತ್ತಿರದಲ್ಲೇ ಇರಬೇಕೆಂದು ಎಂಟು ಮಂದಿ ವಾಯವ್ಯಕ್ಕೆ ನಡೆಯತೊಡಗಿದರು. ಅವರ ಬಳಿ ಇದ್ದದ್ದು ಅರ್ಧ ಡಬ್ಬಿ ನೀರು. ದಿನಕ್ಕೆ ಒಬ್ಬೊಬ್ಬರಿಗೆ ಒಂದು ಮುಚ್ಚಳ ನೀರೆಂದು ಟೋನರ್ ತನ್ನ ಪುಟ್ಟ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹಿಂದೆ ಬರುವವರಿಗೆ ಗುರುತಾಗಲೆಂದು ಬೂಟುಗಳನ್ನೂ ಪ್ಯಾರಾಚೂಟಿನ ಬಟ್ಟೆಯನ್ನೂ ಬಾಣದ ಆಕಾರದಲ್ಲಿಟ್ಟು ಕಲ್ಲು ಹೇರಿದರು. ನಮ್ಮೂರಿನಿಂದ ಚಿತ್ರದುರ್ಗಕ್ಕೆ ನಡೆದು ಹೋಗಿ ನಡೆದೇ ವಾಪಸು ಬಂದಷ್ಟು ದೂರ ಹೋದ ಮೇಲೆ ಐವರಿಗೆ ಮುಂದೆ ಅಡಿಯಿಡಲಾಗಲಿಲ್ಲ. ಶೆಲ್ಲಿ, ಮೂರ್, ರಿಪ್‌ಸ್ಲಿಂಗರ್ ಸಹಾಯ ತರುತ್ತೇವೆಂದು ಮುಂದೆ ಹೋದರು. ದಿನಚರಿಯ ಕೊನೆಯ ಬರಹ ಏಪ್ರಿಲ್ 12ರದು. ಸಹಾಯ ಇನ್ನೂ ಬಂದಿಲ್ಲ, ರಾತ್ರಿ ಬಹಳ ಚಳಿ ಎಂಬಷ್ಟೇ ಅದರ ತಾತ್ಪರ್ಯ. ಸೇನೆಯವರು ವಿಮಾನ ಸಮುದ್ರಕ್ಕೆ ಬಿದ್ದಿರಬೇಕೆಂದು ಸಮುದ್ರದಲ್ಲೇ ಹುಡುಕಿ ಕೈಬಿಟ್ಟಿದ್ದರು.

1958ರಲ್ಲಿ ತೈಲ ಹುಡುಕುವ ಬ್ರಿಟಿಷ್ ತಂಡವೊಂದಕ್ಕೆ ಮೇಲಿಂದ ವಿಮಾನ ಕಾಣಿಸಿತು. 1959ರಲ್ಲಿ ನೆಲದ ಮೇಲಿಂದ ಅಲ್ಲಿಗೆ ಹೋದವರು ಕಂಡದ್ದು ರೇಡಿಯೊ ಕೆಲಸ ಮಾಡುವವನಾದ ನನ್ನನ್ನು ಇಂದಿಗೂ ಕಾಡುತ್ತದೆ. ವಿಮಾನದ ರೇಡಿಯೊ ಇನ್ನೂ ಕೆಲಸ ಮಾಡುತ್ತಿತ್ತು. ಬಂದೂಕು ಸಿಡಿಯುತ್ತಿತ್ತು. ಫ್ಲಾಸ್ಕಿನಲ್ಲಿದ್ದ ಪಾನೀಯ ಕುಡಿಯುವಂತಿತ್ತು. ಒಳಗೆ ಸ್ವಲ್ಪ ನೀರೂ ಆಹಾರವೂ ಉಳಿದಿದ್ದವು. 1960ರ ಫೆಬ್ರವರಿಯಲ್ಲಿ ಐವರ ಅವಶೇಷಗಳೂ ದಿನಚರಿಯೂ ಸಿಕ್ಕವು, ಮೇ ತಿಂಗಳಲ್ಲಿ ಶೆಲ್ಲಿ ಮತ್ತು ರಿಪ್‌ಸ್ಲಿಂಗರ್, ಆಗಸ್ಟಿನಲ್ಲಿ ವೊರಾವ್ಕಾ. ಮೂರ್ ಸಿಗಲೇ ಇಲ್ಲ.

ಇದನ್ನೆಲ್ಲ ಕೇಳುತ್ತ ಮೊಮ್ಮಗಳು ಚಕ್ರಗಳಿಗೆ ಕಪ್ಪು ಬಣ್ಣ ಬಳಿಯುತ್ತಿದ್ದಳು. ಕುಂಚ ಕೆಳಗಿಟ್ಟು, "ಅಜ್ಜ, ಅವ್ರು ಈ ಕಡೆ ಬರೋ ಬದ್ಲು ಆ ಕಡೆ ನಡೆದಿದ್ರೆ ವಿಮಾನ ಸಿಗ್ತಿತ್ತಲ್ಲ?" ಎಂದಳು. ಸಿಗುತ್ತಿತ್ತು. 26 ಕಿಲೋಮೀಟರ್ ಎಂದರೆ ಹರಿಹರಕ್ಕೆ ಹೋಗಿ ಬಂದಷ್ಟೂ ಆಗುವುದಿಲ್ಲ. "ವಿಮಾನ ಅಲ್ಲಿದೆ ಅಂತ ಅವ್ರಿಗೆ ಗೊತ್ತಿರ್ಲಿಲ್ಲ ಕಣವ್ವ. ಸಮುದ್ರ ಇತ್ಲಾಗಿದೆ ಅಂತ ಮಾತ್ರ ಗೊತ್ತಿತ್ತು, ಅದು ಸರಿನೂ ಇತ್ತು" ಎಂದೆ. ದಿಕ್ಕು ಸರಿಯಾಗಿಯೇ ಇತ್ತು, ತಪ್ಪಿದ್ದು ದೂರ. ಅವಳಿಗೆ ಇದು ಒಪ್ಪಿಗೆಯಾಗಲಿಲ್ಲ, ಟ್ರಾನ್ಸಿಸ್ಟರನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು.

ಮುರಿದು ಬಿದ್ದ ಸ್ಥಿತಿಯಲ್ಲೇ ಮಾದರಿ ಮಾಡಿ, ಮರಳು ಹರಡಿ ತೋರಿಸುವವರೂ ಇದ್ದಾರೆ. ಕಿಟ್ಟಿನ ಮೈ ರೆಕ್ಕೆಯ ಹಿಂದೆ ಗರಗಸಕ್ಕೆ ಸುಲಭವಾಗಿ ಸಿಗುವಂತಿದೆ, ಆಸಕ್ತಿಯಿದ್ದವರು ಮಾಡಬಹುದು. ನನಗೆ ಮನಸ್ಸು ಬರಲಿಲ್ಲ. ಕಟ್ಟಿದ ಕೈಯಲ್ಲೇ ಕತ್ತರಿಸುವುದು ಒಂದು ಕಾರಣ. ಆ ತಂಡದವರಲ್ಲಿ ಯಾರೂ ತಮ್ಮ ವಿಮಾನವನ್ನು ಆ ಸ್ಥಿತಿಯಲ್ಲಿ ನೋಡಲೇ ಇಲ್ಲ ಎಂಬುದು ಇನ್ನೊಂದು. ನಾವು ಅದನ್ನು ನೆಲೆಯಲ್ಲಿ ನಿಂತಂತೆ, ಚಕ್ರಗಳ ಮೇಲೆ ನಿಲ್ಲಿಸಿದ್ದೇವೆ.

ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಇದು ನಿಮ್ಮ ಮೊದಲ ಕಿಟ್ ಆಗುವುದಾದರೆ ಬೇಡ. ರೆಕ್ಕೆಯ ಸಂದು, ಗಾಜಿನ ಭಾಗಗಳು, ಹಳೆಯ ಅಂಟುಚಿತ್ರಗಳು ಮೂರೂ ಸೇರಿ ಹೊಸಬರ ತಾಳ್ಮೆ ಕೆಡಿಸುತ್ತವೆ. ಒಂಟಿ ಎಂಜಿನ್ನಿನ ಚಿಕ್ಕ ವಿಮಾನವೊಂದನ್ನು ಐದಾರು ನೂರು ರೂಪಾಯಿಗೆ ತಂದು ಕೈ ಪಳಗಿಸಿಕೊಂಡು ಆಮೇಲೆ ಇದಕ್ಕೆ ಬನ್ನಿ. ಎರಡು ಮೂರು ಕಿಟ್ ಕಟ್ಟಿದವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಮಾನು. ಹೊರ ಆಕಾರ ನಿಖರವಾಗಿದೆ, ಮೇಲ್ಮೈಯ ತಗಡುಗಳ ಗೆರೆಗಳು ತೆಳುವಾಗಿ ಚೆನ್ನಾಗಿ ಬಂದಿವೆ, ಶಟರ್ ಬಾಗಿಲಂತೂ ಅಚ್ಚುಕಟ್ಟು. ಸೂಚನಾ ಹಾಳೆಗೆ ಮಾತ್ರ ನನ್ನಿಂದ ಪಾಸು ಅಂಕವೂ ಸಿಗುವುದಿಲ್ಲ. ಹೆಸರು ಮಾರಲು ಲೇಡಿ ಬಿ ಗುಡ್ ಬೇಕು, ಆದರೆ ಆ ವಿಮಾನಕ್ಕೆ ಏನಾಯಿತು, ಅದರಲ್ಲಿ ಯಾರಿದ್ದರು ಎಂಬ ಒಂದು ಸಾಲೂ ಅದರಲ್ಲಿಲ್ಲ. ನಾನು ಒಂದು ಪುಟದಲ್ಲಿ ಒಂಬತ್ತು ಹೆಸರುಗಳನ್ನೂ ಅವರವರ ಜಾಗವನ್ನೂ ಕನ್ನಡದಲ್ಲಿ ಬರೆದು, ಮಡಿಸಿ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ.

ಕೊನೆಗೆ ಜಾಗದ ವಿಚಾರ. ಕೊಳ್ಳುವ ಮುನ್ನ ಮನೆಯಲ್ಲಿ ಅರ್ಧ ಮೀಟರ್ ಅಗಲದ ಜಾಗ ಇದೆಯೇ ಎಂದು ಟೇಪು ಹಿಡಿದು ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ. ನಮ್ಮ ಷೋಕೇಸಿನ ಗಾಜಿನ ಬಾಗಿಲು ಈ ರೆಕ್ಕೆಗೆ ಮೂರು ಬೆರಳು ಕಡಿಮೆ ಬಿತ್ತು. ಹೀಗಾಗಿ ಲಿಬರೇಟರ್ ಈಗ ನಡುಮನೆಯ ಹಳೆಯ ವಾಲ್ವ್ ರೇಡಿಯೊದ ಮೇಲೆ, ಮೂತಿಯನ್ನು ಭದ್ರಾವತಿಯ ಕಡೆ ಮಾಡಿ ನಿಂತಿದೆ. ಧೂಳು ಒರೆಸಲು ಎರಡು ದಿನಕ್ಕೊಮ್ಮೆ ಒಣಗಿದ ಮೆತ್ತನೆಯ ಕುಂಚ ಬೇಕು, ಬಟ್ಟೆ ತಾಗಿಸಿದರೆ ಬೆನ್ನ ಮೇಲಿನ ಆ ಗುಬಟು ಕಿತ್ತು ಬರುತ್ತದೆ. ಈಗಾಗಲೇ ಒಮ್ಮೆ ಬಂದಿದೆ.